ಪಟಕದ ನೀರು

ಕಾಡವ್ವನ ಮನೆಯಲ್ಲಿ ಅಡುಗೆಗೆ ಕಾಯ್ದೆ ಇರಲಿಲ್ಲ, ಬಚ್ಚಲಕ್ಕೆ ಇತ್ತು. ಸಾರಿಗೆ ಉಪ್ಪು ಹೆಚ್ಚಾದರೆ ನಕ್ಕು ಇನ್ನೊಂದು ತಂಬಿಗೆ ನೀರು ಸುರಿಯುವ ಹೆಣ್ಣುಮಗಳು, ಬಚ್ಚಲದ ಕಲ್ಲಿನ ಮೇಲೆ ಒಂದು ಕೂದಲೆಳೆ ಕಂಡರೆ ಇಡೀ ಓಣಿಗೆ ಕೇಳುವ ಹಾಗೆ ಒದರುತ್ತಿದ್ದಳು. ಬೈಲಹೊಂಗಲದ ಒಂದು ಹೆರಿಗೆ ದವಾಖಾನೆಯಲ್ಲಿ ಆಯಾ ಆಗಿ ದುಡಿದು ಮುಪ್ಪಾದವಳು ಆಕೆ. ಡಾಕ್ಟರು ತೀರಿಕೊಂಡರು, ದವಾಖಾನೆ ಮುಚ್ಚಿತು, ಇಕಿಯ ಕೈಯಿಂದ ಫಿನೈಲಿನ ವಾಸನೆ ಮಾತ್ರ ಹೋಗಲಿಲ್ಲ ಎಂದು ಗಂಡ ದುರ್ಗಪ್ಪ ಆಡಿಕೊಳ್ಳುತ್ತಿದ್ದ. ಅವನು ಎಪಿಎಂಸಿಯಲ್ಲಿ ಚೀಲ ಹೊತ್ತು ಹೆಗಲು ಸವೆಸಿಕೊಂಡವನು. ಈಗ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಮಾತಾಡಿಸುವುದೇ ಉದ್ಯೋಗ.

ಸೊಸೆ ಪ್ರಜ್ಞಾ ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಅವಳನ್ನು ಬಚ್ಚಲಕ್ಕೆ ಕರೆದು ಪಾಠ ಹೇಳಿದ್ದಳು. ಗೂಡಿನಲ್ಲಿ ಮಾವ ಗಡ್ಡ ಹೆರೆದುಕೊಂಡ ಮೇಲೆ ಗಲ್ಲಕ್ಕೆ ತಿಕ್ಕಿಕೊಳ್ಳುವ ಪಟಕದ ಗಡ್ಡೆ ಇರುತ್ತಿತ್ತು. ಅದರ ಚೂರೊಂದನ್ನು ಬೇವಿನೆಲೆ ಕುದಿಸಿದ ಬಿಸಿನೀರಿನಲ್ಲಿ ಕರಗಿಸಿ ಕಾಡವ್ವ ಹೇಳಿದ್ದು ಇಷ್ಟು:

"ಮುಟ್ಟು ಮುಗಿದ ಮ್ಯಾಲ, ಗಂಡನ ಕೂಡ ಮಲಗಿ ಎದ್ದ ಮ್ಯಾಲ, ಇದರಿಂದ ಒಳಗೆಲ್ಲಾ ತೊಳ್ಕೋಬೇಕು. ನಾಚಬ್ಯಾಡ. ದವಾಖಾನ್ಯಾಗ ದೊಡ್ಡ ದೊಡ್ಡ ವಾಡೇದ ಹೆಣಮಕ್ಕಳನ್ನ ನೋಡೇನಿ. ಹೊರಗ ಬಂಗಾರ, ಒಳಗ ಗಟಾರ. ನಮ್ಮ ಮನಿ ಹೆಣಮಕ್ಕಳ ಬಗ್ಗೆ ಯಾರೂ ಮೂಗು ಮುಚ್ಚಬಾರದು, ತಿಳೀತಿಲ್ಲೋ?"

ತಿಳಿಯಿತು. ಸಂಪಗಾಂವದ ಶಾಲೆಯಲ್ಲಿ ಪಾಠ ಹೇಳುವ ಬಾಯಾರೊಬ್ಬರು ತನ್ನನ್ನೂ ತನ್ನ ಓಣಿಯ ಹುಡುಗಿಯರನ್ನೂ "ಕಿಡಕಿ ಹಂತ್ಯಾಕ ಕೂಡ್ರಿ, ಗಾಳಿ ಬರ್ಲಿ" ಎಂದು ಬೇರೆ ಕೂರಿಸುತ್ತಿದ್ದುದು ಪ್ರಜ್ಞಾಳಿಗೆ ಮರೆತಿರಲಿಲ್ಲ. ಅವಳು ಅಂದಿನಿಂದ ತಪ್ಪದೆ ತೊಳೆದುಕೊಂಡಳು. ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಹೋಗುವಾಗ ಮೈಯಿಂದ ಸಾಬೂನಿನ ವಾಸನೆ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ವರ್ಷಗಳು ಉರುಳಿದವು, ಮಕ್ಕಳಾಗಲಿಲ್ಲ.

ಧಾರವಾಡದ ಡಾಕ್ಟರ್ ಉಮಾಶ್ರೀಯವರ ಬಳಿ ಚಿಕಿತ್ಸೆ ನಡೆಯಿತು. ಪ್ರಜ್ಞಾಳ ಅಂಡ ತೆಗೆದು, ಗಂಡ ಅಜಿತನ ವೀರ್ಯ ಕೂಡಿಸಿ, ಹೊರಗೆ ಎರಡು ಭ್ರೂಣ ಬೆಳೆಸಿದರು. ಮೊದಲನೆಯದನ್ನು ಗರ್ಭಕ್ಕೆ ಬಿಟ್ಟರು, ನಿಲ್ಲಲಿಲ್ಲ. ಇನ್ನೊಂದು ಅವರ ತಣ್ಣನೆಯ ಪೆಟ್ಟಿಗೆಯಲ್ಲಿ ಉಳಿದಿತ್ತು. ಮತ್ತೆ ಅಂಡ ತೆಗೆಯುವಷ್ಟು ಪ್ರಜ್ಞಾಳ ಮೈಯಲ್ಲಿ ಇಲ್ಲವೆಂದು ಡಾಕ್ಟರ್ ಬಿಚ್ಚಿ ಹೇಳಿದ್ದರು. ಉಳಿದದ್ದು ಅದೊಂದೇ.

ಅದನ್ನು ಬಿಡುವ ಮೊದಲು ಉಮಾಶ್ರೀ ಹತ್ತಿಯ ಕಡ್ಡಿಯಿಂದ ಒಳಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ನೋಡಲು ಗಂಡ ಹೆಂಡತಿ ಇಬ್ಬರೂ ಹೋದರು. ಅಜಿತ ಲೈನ್‌ಮನ್, ರಜೆ ಸಿಗುವುದೇ ಕಷ್ಟ. ಕುರ್ಚಿಯ ತುದಿಯಲ್ಲಿ ಕುಳಿತಿದ್ದ.

"ಹೆಣ್ಣುಮಗಳ ಆ ದಾರಿಯೊಳಗ ಕಣ್ಣಿಗೆ ಕಾಣದ ಜೀವಿಗಳು ಇರತಾವು," ಎಂದರು ಡಾಕ್ಟರ್. "ಇರಬೇಕು ಕೂಡ. ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಆ ಹೆಪ್ಪಿನ್ಯಾಗ ಇರೋ ಬಳಗದ್ದವು. ಒಳಗ ಹುಳಿ ಮಾಡಿ ಕೆಟ್ಟವನ್ನ ಹೊರಗ ಇಡತಾವು. ನಿಮ್ಮಲ್ಲಿ ಅವು ಇಲ್ಲs ಇಲ್ಲ ಅನ್ನೂವಂಗ ಆಗ್ಯಾವು. ಬ್ಯಾರೆ ಬಂದು ಕೂತಾವು. ಪ್ರಜ್ಞಾ, ನೀವು ಒಳಗ ಏನರೆ ಹಾಕಿ ತೊಳೀತೀರೇನು?"

ಪ್ರಜ್ಞಾ ಸೆರಗಿನ ಅಂಚು ನೋಡುತ್ತ ಕುಳಿತಳು.

"ನಮ್ಮ ಮನ್ಯಾಗ ಭಾಳ ಸ್ವಚ್ಛ ಇರತೇವ್ರಿ ಮೇಡಂ," ಎಂದ ಅಜಿತ, ಹೆಮ್ಮೆಯಿಂದ.

"ನಾ ಅವರನ್ನ ಕೇಳಾಕತ್ತೇನಿ."

"ಪಟಕದ ನೀರಿಲೆ... ತೊಳೀತೇನ್ರಿ," ಎಂದಳು ಪ್ರಜ್ಞಾ. "ಅತ್ತಿ ಹೇಳಿದಾಗಿನಿಂದ."

ಉಮಾಶ್ರೀ ಕನ್ನಡಕ ತೆಗೆದರು. "ದಿನಾ ಹೆಪ್ಪಿನ ಗಡಿಗಿಗೆ ಪಟಕ ಹಾಕಿ ತಿಕ್ಕಿದ್ರ ಮೊಸರು ಹೆಂಗ ಆಗಬೇಕು? ಇದರಿಂದನs ಮೊದಲನೇದು ನಿಂತಿಲ್ಲ ಅಂತ ನಾ ಹೇಳೂದಿಲ್ಲ. ಅಷ್ಟು ಯಾರಿಗೂ ಇನ್ನೂ ಗೊತ್ತಿಲ್ಲ. ಆದರ ಉಳಿದದ್ದು ಒಂದು. ನಾ ಅಪಾಯ ತಗೊಳ್ಳೂದಿಲ್ಲ. ಔಷಧ ಕೊಡತೇನಿ, ಆಮ್ಯಾಲ ಒಳಗ ಇಟ್ಟುಕೊಳ್ಳೋ ಗುಳಗಿ ಕೊಡತೇನಿ, ಒಳ್ಳೇವು ತಿರುಗಿ ಬರ್ಲಿ. ಒಳಗ ನೀರು ಸೈತ ಹಾಕಬ್ಯಾಡ್ರಿ. ಮೊಸರೂ ಬ್ಯಾಡ, ಯಾರರೆ ಹೇಳ್ಯಾರು ಮತ್ತ."

ಮನೆಗೆ ಬಂದ ಅಜಿತ ಊಟಕ್ಕೆ ಕುಳಿತಾಗ ಬಾಯಿ ಬಿಟ್ಟ. ಕಾಡವ್ವ ಬಿಸಿ ರೊಟ್ಟಿಯ ಮೇಲೆ ಝುಣಕ ಹಾಕುತ್ತಿದ್ದಳು.

"ಅವ್ವ, ಇಕಿಗೆ ಪಟಕದ ನೀರು ಕಲಿಸಿದಾಕಿ ನೀನಾ?"

"ಹೂಂ. ಯಾಕ?"

"ಅದರಿಂದ ಒಳಗಿನ ಒಳ್ಳೆ ಕ್ರಿಮಿ ಸತ್ತಾವಂತ."

ಕಾಡವ್ವ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಕ್ಕಳು. "ಒಳ್ಳೆ ಕ್ರಿಮಿ! ಅಯ್ಯ ಇವನs, ಕ್ರಿಮಿ ಕೊಲ್ಲಾಕs ನನಗ ಪಗಾರ ಕೊಡತಿದ್ರಲ್ಲೋ. ಆ ಡಾಕ್ಟರಮ್ಮ ಎಲ್ಲಿ ಕಲ್ತಾಳ?"

"ಒಳಗ ಒಳ್ಳೆ ಜಾತೀವೂ ಇರತಾವು, ಕೆಟ್ಟ ಜಾತೀವೂ ಇರತಾವು ಅತ್ತಿ," ಎಂದಳು ಪ್ರಜ್ಞಾ ಮೆಲ್ಲಗೆ.

ಗೋಡೆಗೆ ಒರಗಿ ಉಣ್ಣುತ್ತಿದ್ದ ದುರ್ಗಪ್ಪ ತುತ್ತು ನಿಲ್ಲಿಸಿದ. "ಅಲ್ಲೂ ಜಾತಿ ಬಂತಾ? ಹೊಟ್ಟ್ಯಾಗೂ ಬಿಡಾಂಗಿಲ್ಲಪ ಇದು!"

ಅಜಿತ ತಾಟು ದೂಡಿದ. "ನಗೂ ಮಾತಲ್ಲ ಅಪ್ಪ. ಉಳಿದದ್ದು ಒಂದs ಐತಿ. ಅದೂ ಹೋದ್ರ ಮುಗೀತು. ಅವ್ವ, ಇನ್ನ ನೀ ಇಕಿ ಬಚ್ಚಲದ ಗೊಡವಿಗೆ ಹೋಗಬಾರದು. ಮತ್ತ ನೀನು—" ಹೆಂಡತಿಯ ಕಡೆ ತಿರುಗಿದ. "ಇನ್ನೊಮ್ಮೆ ತೊಳಕೊಂಡಿ ಅಂದ್ರ, ಸಂಪಗಾಂವಿಗೆ ನಿಮ್ಮಣ್ಣನ ಮನಿಗೆ ಹೋಗು. ತಿರುಗಿ ಬರಬ್ಯಾಡ. ಹೇಳೇನಿ."

"ಅಕಿಗೆ ಯಾಕ ಬೈತಿ? ಬೈಯೂದಾದ್ರ ನನಗ ಬೈ," ಎಂದು ಕಾಡವ್ವ ಸೌಟು ಬೋಗುಣಿಗೆ ಬಡಿದಳು. "ನಿನಗೇನು ಗೊತ್ತು? ನಾ ಹೊಸದಾಗಿ ದವಾಖಾನಿ ಸೇರಿದಾಗ ಒಬ್ಬಾಕಿ ಹೆಣಮಗಳು ತನ್ನ ಕೂಸು ನನ್ನ ಕೈಯಾಗ ಕೊಡಲಿಲ್ಲ. ಅಕಿ ಹೊಲಸೆಲ್ಲಾ ಬಳದಾಕಿ ನಾನು, ಕೂಸು ಮುಟ್ಟಬಾರದು! ಡಾಕ್ಟರು ಎಲ್ಲಾರ ಮುಂದ ನನಗ ಔಷಧದ ನೀರಾಗ ಕೈ ಅದ್ದಸಿ, 'ಈಗ ಇಕಿ ಕೈ ನಿನ್ನ ಕೈಕಿಂತ ಸ್ವಚ್ಛ ಐತಿ, ಕೊಡು' ಅಂದ್ರು. ಕೊಟ್ಲು. ಅವತ್ತಿನಿಂದ ಈ ಕೈ ಅದ್ದೂದು ಬಿಟ್ಟಿಲ್ಲ. ಈಗ ತೊಳದದ್ದs ತಪ್ಪಾತಾ?"

"ತಪ್ಪಾತು."

"ಆಗ್ಲೆಪಾ. ನಾ ಕೈ ಹಚ್ಚೂದಿಲ್ಲ, ಮಾತು ತಗೋ," ಎಂದು ಹೇಳಿ ಒಲೆಯ ಕಡೆ ತಿರುಗಿ ಕುಳಿತಳು. ಆ ರಾತ್ರಿ ಆಕೆ ಉಣ್ಣಲಿಲ್ಲ.

ಮಾತು ಕೊಟ್ಟಂತೆ ನಡೆದಳು. ಆದರೆ ಕಣ್ಣು ಮೂಗು ಕೇಳಬೇಕಲ್ಲ! ಗುಳಿಗೆ ಇಟ್ಟುಕೊಳ್ಳತೊಡಗಿದ ಮೇಲೆ ಪ್ರಜ್ಞಾಳಿಗೆ ಬಿಳುಪು ಹೋಗುತ್ತಿತ್ತು. ಹಾಗಾಗುತ್ತದೆಂದು ಡಾಕ್ಟರ್ ಹೇಳಿದ್ದರು. ಕಾಡವ್ವ ಸೊಸೆಯ ಒಳಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ಹಾಕಿ ಕುದಿನೀರು ಸುರಿದಳು. ತಂತಿಯ ಮೇಲೆ ಒಣಹಾಕುವಾಗ ಮೇಲೊಂದು ಟವೆಲ್ ಮುಚ್ಚಿದಳು.

"ಮುಚ್ಚೂದ್ಯಾಕ ಅತ್ತಿ? ಬಿಸಲಿಗೆ ಒಣಗ್ಲಿ."

"ಮಂದಿ ನೋಡತಾರ ತಂಗಿ. ಬಿಳುಪಿನ ಕಲಿ ಹೋಗಿಲ್ಲ."

ಅಷ್ಟೇ ಮಾತು. ಪ್ರಜ್ಞಾಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಂಗಡಿಯಲ್ಲಿ ಗೋವಿನಜೋಳದ ಬೀಜ ಕೇಳಲು ಬಂದ ರೈತರು ಗಲ್ಲಾಪೆಟ್ಟಿಗೆಯ ಹತ್ತಿರ ಬಾಗಿದರೆ ಅವಳು ಕುರ್ಚಿ ಹಿಂದೆ ಸರಿಸುತ್ತಿದ್ದಳು. ಮನೆಗೆ ಬಂದರೆ ಅದೇ ಅತ್ತೆ ಮೆಂತೆ ಸೊಪ್ಪು ಸೋಸಿ, ಶೇಂಗಾ ಹಿಂಡಿ ಕುಟ್ಟಿ, ಕೆನೆಮೊಸರನ್ನು ಅವಳಿಗೆಂದೇ ಎತ್ತಿಟ್ಟಿರುತ್ತಿದ್ದಳು. ದುರ್ಗಪ್ಪ ಕೈ ಚಾಚಿದರೆ, "ನೀವೇನು ಹಡೀತೀರೇನು? ಬಿಡ್ರಿ ಆ ಮೊಸರು," ಎಂದು ಗದರುತ್ತಿದ್ದಳು.

"ನಾ ಹಡ್ಯಾಂಗಿದ್ರ ನಿನ್ನ ಯಾಕ ಮಾಡ್ಕೋತಿದ್ದೆ?" ಎನ್ನುತ್ತಿದ್ದ ಅವನು.

ಮತ್ತೆ ಪರೀಕ್ಷೆಯಾಯಿತು. ಉಮಾಶ್ರೀ ಕಾಗದ ನೋಡಿ ಮೊದಲ ಸಲ ಬಾಯಿತುಂಬ ನಕ್ಕರು. "ಬಂದಾವು ನೋಡ್ರಿ, ಒಳ್ಳೇವು ತುಂಬ್ಯಾವು. ಇನ್ನ ತಡ ಮಾಡೂದು ಬ್ಯಾಡ." ದಿನ ಗೊತ್ತಾಯಿತು.

ಆ ದಿನ ಬೆಳಗ್ಗೆ ಅಜಿತ ಬೈಕಿಗೆ ಪೆಟ್ರೋಲ್ ಹಾಕಿಸಲು ಹೋಗಿದ್ದ. ಬಸ್ ಬೇಡ, ಕುಲುಕಾಟ ಹೆಚ್ಚು ಎಂದು ಗೆಳೆಯನ ಕಾರು ಹೇಳಿದ್ದ. ಅದನ್ನು ತರಲು ಬೈಕಿನಲ್ಲೇ ಹೋಗಬೇಕಿತ್ತು. ಕಾಡವ್ವ, ದುರ್ಗಪ್ಪ ಕಾಯಿಪಲ್ಯೆ ತರಲು ಪೇಟೆಗೆ ನಡೆದರು. ಹೊಸ್ತಿಲು ದಾಟುವಾಗ ಕಾಡವ್ವ ನಿಂತು ಸೊಸೆಯ ಕೆನ್ನೆ ಸವರಿದಳು.

"ಚಂದಂಗಿ ಜಳಕಾ ಮಾಡಿ ಹೋಗವ್ವ. ಅಲ್ಲಿ ದೊಡ್ಡ ದೊಡ್ಡ ಮಂದಿ ಇರತಾರ. ನರ್ಸಮ್ಮಾರು ಬಾಯಿ ಬಿಡೂದಿಲ್ಲ, ಮಾರಿ ಹಿಂಡತಾರ. ನನಗ ಗೊತ್ತೈತಿ. ನಾನೂ ಹಿಂಡೇನಿ."

ಬಚ್ಚಲದಲ್ಲಿ ಪ್ರಜ್ಞಾ ಮೈಗೆಲ್ಲ ಸಾಬೂನು ಹಚ್ಚಿದಳು. ನೀರು ಸುರಿದಳು. ಮತ್ತೆ ಹಚ್ಚಿದಳು. ಬಿಳುಪು ಹೋಗುವುದು ನಿಂತಿರಲಿಲ್ಲ. ದೀಪದ ಕೆಳಗೆ ಕಾಲು ಅಗಲಿಸಿ ಮಲಗುವುದು, ಅಪರಿಚಿತರು ಬಾಗುವುದು, ಅವರ ಮೂಗು ಸೊಟ್ಟಗಾಗುವುದು, ಒಬ್ಬಳು ಇನ್ನೊಬ್ಬಳ ಕಡೆ ನೋಡುವುದು, ಎಲ್ಲ ಕಣ್ಣ ಮುಂದೆ ಬಂತು. ಹೊರಗೆ ಕಾರಿನ ಹಾರ್ನ್ ಕೇಳಿತು. ಮಾವನ ಪಟಕದ ಗಡ್ಡೆ ಗೂಡಿನಲ್ಲಿತ್ತು. ಬಿಸಿನೀರಿನ ತಂಬಿಗೆಯಲ್ಲಿ ಅದನ್ನು ಗರಗರ ತಿರುಗಿಸಿದಳು. ಒಮ್ಮೆ ಅಷ್ಟೇ, ಒಮ್ಮೆಗೆ ಏನಾಗುತ್ತದೆ ಎಂದುಕೊಂಡಳು. ಚುರ್ ಎಂದಿತು. ಆಮೇಲೆ ಹಗುರವೆನಿಸಿತು. ತಲೆಯೆತ್ತಿ ನಡೆದುಹೋಗಿ ಕಾರಿನಲ್ಲಿ ಕುಳಿತಳು.

ಮೇಜಿನ ಮೇಲೆ ಮಲಗಿದಾಗ ಯಾರೂ ಮಾರಿ ಹಿಂಡಲಿಲ್ಲ. ನರ್ಸ್ ತಲೆ ಸವರಿ "ಊಟ ಏನು ಮಾಡೀರಿ?" ಎಂದು ಕೇಳಿದಳು. ಉಮಾಶ್ರೀ ಮಾತ್ರ ಒಂದು ಗಳಿಗೆ ಕೈ ತಡೆದರು. "ಒಣಗಿದಂಗ ಐತಲ್ಲ. ಏನರೆ ಹಚ್ಚೀರೇನು?"

"ಇಲ್ರಿ ಮೇಡಂ."

ಭ್ರೂಣ ಬಿಟ್ಟಾಯಿತು.

ಆಮೇಲಿನ ದಿನಗಳಲ್ಲಿ ಆ ಮನೆ ಉಸಿರು ಬಿಗಿಹಿಡಿದು ಬಾಳಿತು. ಕಾಡವ್ವ ಕೊಡ ಎತ್ತಲು ಬಿಡಲಿಲ್ಲ, ಕಸಬರಿಗೆ ಮುಟ್ಟಗೊಡಲಿಲ್ಲ. ಸಜ್ಜಕ ಮಾಡಿದಳು, ಹಾಲು ಕಾಸಿದಳು. ಅಜಿತ ಕಂಬದ ಮೇಲಿಂದ ಇಳಿದ ಕೂಡಲೇ ಫೋನ್ ಮಾಡುತ್ತಿದ್ದ. ದುರ್ಗಪ್ಪ ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ "ಗದ್ಲಾ ಮಾಡಬ್ಯಾಡ್ರೋ, ಒಳಗ ಕೂಸು ಮಲಗೇತಿ," ಎನ್ನುತ್ತಿದ್ದ. ಪ್ರಜ್ಞಾ ಮಾತ್ರ ಊಟದ ತಾಟಿನಲ್ಲಿ ಬೆರಳಾಡಿಸುತ್ತ ಕೂರುತ್ತಿದ್ದಳು. ಮೊದಲ ಸಲದಂತೆಯೇ ಒಂದು ಬೆಳಗ್ಗೆ ಸೊಂಟ ಎಳೆಯತೊಡಗಿತು. ರಕ್ತಪರೀಕ್ಷೆ ಮಾಡಿಸುವ ಮೊದಲೇ ಅವಳಿಗೆ ಗೊತ್ತಾಗಿತ್ತು.

ಧಾರವಾಡದಲ್ಲಿ ಉಮಾಶ್ರೀ ಅಜಿತನ ಎದುರಿಗೇ ಮತ್ತೆ ಕೇಳಿದರು. "ಅವತ್ತು ಒಳಗ ಪಟಕ ಹಾಕಿದಂಗ ಕಂಡಿತ್ತು. ಅದರಿಂದs ಹಿಂಗ ಆತು ಅಂತ ಹೇಳಾಕ ಬರೂದಿಲ್ಲ, ಹಾಕದಿದ್ರೂ ಆಗತಿತ್ತೇನೋ. ಆದರೂ ಕೇಳತೇನಿ. ಹಾಕಿದ್ರೇನು?"

ಪ್ರಜ್ಞಾ ತಲೆ ಅಲ್ಲಾಡಿಸಿದಳು. ಇಲ್ಲ ಎಂದೋ, ಗೊತ್ತಿಲ್ಲ ಎಂದೋ, ಅದು ಅವಳಿಗೂ ತಿಳಿಯಲಿಲ್ಲ.

ಮನೆ ಮುಟ್ಟಿದಾಗ ಕಾಡವ್ವ ರೊಟ್ಟಿ ಬಡಿಯುತ್ತಿದ್ದಳು. ಅಜಿತ ಚಪ್ಪಲಿ ಕಳಚದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಆತೇನವ್ವ ಸಮಾಧಾನ? ಹೋತು. ಕೊನೇದೂ ಹೋತು."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಯಪ್ಪಾ," ಎಂದಳು ಕಾಡವ್ವ.

"ಅಕಿ ಒಳಗ ಪಟಕ ಇತ್ತಂತ. ಡಾಕ್ಟರ್ ಕಣ್ಣಿಲೆ ನೋಡ್ಯಾರ. ಮಾತು ಕೊಟ್ಟಿದ್ದಿಲ್ಲೇನ ನೀ?"

"ನಾ ಕೊಟ್ಟಿಲ್ಲೋ ಅಜಿತ. ನಾ ಯಾಕ—"

"ನೀ ಅಲ್ಲಂದ್ರ ಯಾರು? ಇಕಿನಾ?" ಅವನು ಹೊರಳಿ ಹೆಂಡತಿಯನ್ನು ನೋಡಿದ. ಆ ನೋಟಕ್ಕೆ ಪ್ರಜ್ಞಾ ಗೋಡೆಗೆ ಅಂಟಿಕೊಂಡಳು. "ನೀನಾ? ಹೇಳು. ಅವತ್ತು ಏನು ಹೇಳಿದ್ದೆ ನಾ, ನೆನಪೈತಿಲ್ಲೋ?"

ಪ್ರಜ್ಞಾ ಬಾಯಿ ತೆರೆದಳು.

"ನಾನs ಕೊಟ್ಟೆ," ಎಂದಳು ಕಾಡವ್ವ.

ಹಂಚಿನ ಮೇಲಿದ್ದ ರೊಟ್ಟಿ ಕರಕಾಗುತ್ತಿತ್ತು. ಯಾರೂ ತೆಗೆಯಲಿಲ್ಲ.

"ಬಿಸಿನೀರಿನ ಬಕೆಟ್ಟಿನ್ಯಾಗ ಕಲಿಸಿ ಇಟ್ಟಿದ್ದೆ. ಅಕಿಗೆ ಗೊತ್ತಿದ್ದಿಲ್ಲ. ಹೊಲಸ ಮೈಯಿಲೆ ದವಾಖಾನಿಗೆ ಹೋಗಬಾರದು ಅಂತ ಜೀವಾ ತಡೀಲಿಲ್ಲ. ಸುಳ್ಳ ಹೇಳಿದೆ. ಆತಿಲ್ಲೋ?"

ಅಜಿತ ಕೈ ಎತ್ತಲಿಲ್ಲ, ಅಷ್ಟು ಪುಣ್ಯ. "ನಿನ್ನ ಮಾರಿ ನನಗ ತೋರಿಸಬ್ಯಾಡ," ಎಂದ. "ನೀ ಇರೋ ಮನ್ಯಾಗ ನಾ ಒಂದ್ ತುತ್ತು ಉಣ್ಣೂದಿಲ್ಲ."

"ಏ ಮಗನ, ಹೆತ್ತಾಕಿಗೆ ಅನ್ನೂ ಮಾತೇನಲೇ ಅದು?" ಎಂದು ದುರ್ಗಪ್ಪ ಕಟ್ಟೆಯಿಂದ ಎದ್ದು ಬಂದ. ಮಗ ಅವನನ್ನು ದಾಟಿ ಹೊರಗೆ ಹೋಗಿಯಾಗಿತ್ತು.

ಮರುದಿನ ಕಾಡವ್ವ ಎರಡು ಸೀರೆ ಕೈಚೀಲಕ್ಕೆ ತುರುಕಿ ರಾಮದುರ್ಗಕ್ಕೆ, ಮಗಳು ಪ್ರಣಿತಾಳ ಮನೆಗೆ ಹೊರಟಳು. ಬಾಗಿಲಲ್ಲಿ ಸೊಸೆಗೆ ಅಂದದ್ದು ಒಂದೇ: "ಗಡಿಗ್ಯಾಗ ಹೆಪ್ಪ ಹಾಕೇನಿ. ಅಲ್ಲಾಡಿಸಬ್ಯಾಡ."

ಕಾಡವ್ವ ಇಲ್ಲದ ಮನೆಯಲ್ಲಿ ಸದ್ದಿರಲಿಲ್ಲ. ಅಜಿತ ಉಣ್ಣತೊಡಗಿದ. ಹೆಂಡತಿಯ ಜೊತೆ ಮೆತ್ತಗೆ ಮಾತಾಡತೊಡಗಿದ. "ನಿಂದೇನು ತಪ್ಪಿಲ್ಲ, ಅಳಬ್ಯಾಡ," ಎನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ಪ್ರಜ್ಞಾ ತಾಟು ಬಿಟ್ಟು ಏಳುತ್ತಿದ್ದಳು. ದುರ್ಗಪ್ಪ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಸೊಸೆ ಮಜ್ಜಿಗೆ ಕೊಡಲು ಬಂದಾಗ, ಲೋಟ ಕೈಯಲ್ಲಿ ಹಿಡಿದು ಹೇಳಿದ:

"ಅವತ್ತ ಬೆಳಿಗ್ಗೆ ಅಕಿ ನನಗಿಂತ ಮೊದಲ ಎದ್ದಿದ್ದಿಲ್ಲ ತಂಗಿ. ಎದ್ದಾಕಿ ಮಾರಿ ತೊಳಕೊಂಡು ನನ್ನ ಕೂಡs ಪ್ಯಾಟಿಗೆ ಬಂದ್ಲು. ನೀರು ಕಾಸಿ ಬಕೆಟ್ಟಿಗೆ ಹಾಕಿದಾಂವ ನಾನು. ಅದರಾಗ ಏನೂ ಇದ್ದಿದ್ದಿಲ್ಲ."

ಪ್ರಜ್ಞಾ ಸೆರಗಿಗೆ ಕೈ ಒರೆಸಿಕೊಂಡಳು.

"ನಾ ಏನೂ ಕೇಳಾಂಗಿಲ್ಲವ್ವ," ಎಂದ ದುರ್ಗಪ್ಪ. "ಅಕಿ ಹೇಳಬ್ಯಾಡ ಅಂದಾಳ. ಮಜ್ಜಿಗಿಗೆ ಉಪ್ಪು ಕಡಿಮಿ ಆಗೇತಿ ನೋಡು."

ಅಂದು ಸಂಜೆ ಅಜಿತ ಬಂದು ಕೈಕಾಲು ತೊಳೆದು ಕುಳಿತ ಮೇಲೆ ಪ್ರಜ್ಞಾ ಬಡಿಸಲಿಲ್ಲ. ಎದುರಿಗೆ ಕುಳಿತು ಹೇಳಿದಳು. ಒಂದೂ ಬಿಡದೆ ಹೇಳಿದಳು. ಗಡ್ಡೆ ಎಲ್ಲಿತ್ತು, ಹೇಗೆ ಕರಗಿಸಿದೆ, ಏಕೆ, ಎಲ್ಲ.

ಅಜಿತ ಕೇಳಿದ. ಆಮೇಲೆ ತಲೆ ಅಲ್ಲಾಡಿಸಿದ. "ಅಪ್ಪ ಹೇಳಿಕೊಟ್ಟನಾ?"

"ಯಾರೂ ಹೇಳಿಕೊಟ್ಟಿಲ್ರಿ. ನಾನs."

"ನೀ ಭಾಳ ಒಳ್ಳೇಕಿ ಅದಿ ಪ್ರಜ್ಞಾ. ಮುದುಕಿ ಮನಿಗೆ ಬರ್ಲಿ ಅಂತ ತಪ್ಪು ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ಅವ್ವ ತನ್ನ ಬಾಯಿಲೆ ಒಪ್ಪ್ಯಾಳ. ಮಾಡದs ಯಾರರೆ ಒಪ್ತಾರೇನು?"

"ನೀವು ನನ್ನ ಸಂಪಗಾಂವಿಗೆ ಕಳಸ್ತೀರಿ ಅಂತ ಒಪ್ಪ್ಯಾಳ್ರಿ!"

"ಸಾಕು. ಉಣ್ಣಾಕ ಹಾಕು."

ಮರುದಿನ ಅಂಗಡಿಗೆ ರಜೆ ಹೇಳಿ ಪ್ರಜ್ಞಾ ಸವದತ್ತಿಯ ಮೇಲೆ ಹಾಯ್ದು ರಾಮದುರ್ಗಕ್ಕೆ ಹೋದಳು. ಪ್ರಣಿತಾ ಕೆಲಸಕ್ಕೆ ಹೋಗಿದ್ದಳು. ಕಾಡವ್ವ ಒಬ್ಬಳೇ ಒಲೆಯ ಮುಂದೆ ಇದ್ದಳು. ಸೊಸೆಯನ್ನು ಕಂಡು ಏಳಲಿಲ್ಲ, ಮಣೆ ಸರಿಸಿದಳು.

"ಬಾ, ಕೂಡು. ಮಾರಿ ಎಷ್ಟು ಇಳದೈತಿ!"

"ಯಾಕ ಹಂಗ ಹೇಳಿದ್ರಿ ಅತ್ತಿ? ನಿಮಗ ಹೆಂಗ ಗೊತ್ತಾತು?"

"ಬಚ್ಚಲ ನೋಡಿದ್ರ ನನಗ ತಿಳೀದs ಇರತದೇನು? ತಂಬಿಗಿ ತಳದಾಗ ಬೆಳ್ಳಗ ಕೂತಿತ್ತು. ಪ್ಯಾಟಿಯಿಂದ ಬಂದಾಕಿ ನಾನs ತಿಕ್ಕಿ ಇಟ್ಟೆ." ಕಾಡವ್ವ ಹಿಟ್ಟು ನಾದುತ್ತಲೇ ಇದ್ದಳು. "ನಿನ್ನ ಬಿಟ್ರ ಅಂವ ಮತ್ತೊಂದು ಮಾಡ್ಕೋತಾನ. ನನ್ನ ಬಿಟ್ರ ಮತ್ತೊಬ್ಬಾಕಿ ಅವ್ವನ್ನ ತರಾಕ ಬರತದೇನು? ಇವತ್ತಿಲ್ಲ ನಾಳೆ ಸಿಟ್ಟು ಇಳೀತದ."

"ಮಾಡಿದಾಕಿ ನಾನು."

"ಕಲಿಸಿದಾಕಿ ನಾನು. ನೀ ಕೈ ಹಾಕಿದಿ ಅಷ್ಟ."

ಪ್ರಜ್ಞಾಳ ಫೋನ್ ರಿಂಗಾಯಿತು. ಅಜಿತ. ಅವಳು ಇಬ್ಬರಿಗೂ ಕೇಳುವಂತೆ ದನಿ ದೊಡ್ಡದು ಮಾಡಿ ಕೆಳಗಿಟ್ಟಳು.

"ಎಲ್ಲಿ ಅದಿ? ಅಂಗಡಿಗೆ ಹೋಗಿಲ್ಲಂತ?"

"ರಾಮದುರ್ಗದಾಗ ಅದೀನ್ರಿ. ಅತ್ತಿ ಎದುರಿಗೆ ಕುಂತಾರ. ಇವರ ಮುಂದs ಹೇಳತೇನಿ ಕೇಳ್ರಿ. ನೀರು ಹಾಕ್ಕೊಂಡಾಕಿ ನಾನು. ಇವರಲ್ಲ. ನಂಬ್ರಿ, ಬಂದು ಇವರನ್ನ ಕರಕೊಂಡು ಹೋಗ್ರಿ."

ಆಚೆಯಿಂದ ಉಸಿರಾಟ ಮಾತ್ರ ಕೇಳುತ್ತಿತ್ತು. ನಂಬುತ್ತಿದ್ದಾನೆ ಎಂದು ಪ್ರಜ್ಞಾಳಿಗೆ ಅನಿಸಿತು. ಕಾಡವ್ವನಿಗೂ ಹಾಗೇ ಅನಿಸಿರಬೇಕು. ಹಿಟ್ಟಿನ ಕೈಯನ್ನೇ ನೆಲಕ್ಕೂರಿ ಫೋನಿನ ಕಡೆ ಬಾಗಿದಳು.

"ಸುಳ್ಳ ಹೇಳತಾಳೋ ಅಜಿತ! ನಾನs ಬಾ ಅಂತ ಕರಿಸಿ ಹೇಳಿಕೊಟ್ಟೇನಿ. ಮಗಳ ಮನ್ಯಾಗ ಇರಾಕ ಬ್ಯಾಸರ ಆಗೇತಿ, ಅದಕ್ಕ!"

"ನನಗ ಗೊತ್ತಿತ್ತು," ಎಂದ ಅಜಿತ. "ಹೆಂಗರೆ ಮನಸಾತವ್ವ ನಿನಗ." ಫೋನ್ ಕಟ್ಟಾಯಿತು.

ಪ್ರಜ್ಞಾ ಅತ್ತೆಯ ಹಿಟ್ಟಿನ ಕೈ ಹಿಡಿದುಕೊಂಡಳು. "ಏನು ಮಾಡಿದ್ರಿ ಅತ್ತಿ! ಇನ್ನ ಅವರು ಯಾವತ್ತೂ..."

"ಬಿಡು. ಹಿಟ್ಟು ಹತ್ತತೇತಿ." ಕಾಡವ್ವ ಕೈ ಬಿಡಿಸಿಕೊಂಡು ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು. "ಬೈಲಹೊಂಗಲದ ಬಸ್ಸು ಇನ್ನೊಂದು ತಾಸಿಗೆ ಐತಿ. ಅಂವ ಬರೂದ್ರಾಗ ಮನಿ ಮುಟ್ಟು. ನಿಮ್ಮ ಮಾವಾರಿಗೆ ಹಲ್ಲು ನೋಯತಾವು, ರೊಟ್ಟಿ ಹಾಲಾಗ ನೆನಸಿ ಕೊಡು. ಬಾಯಿ ಬಿಟ್ಟು ಕೇಳಾಂಗಿಲ್ಲ ಅವರು."

ಉಬ್ಬಿದ ರೊಟ್ಟಿಯನ್ನು ತಾಟಿಗೆ ಹಾಕಿ, ಬದನೆಕಾಯಿ ಪಲ್ಯ ಬಡಿಸಿ, ಸೊಸೆಯ ಮುಂದೆ ದೂಡಿದಳು.

"ಉಣ್ಣು."

ಪ್ರಜ್ಞಾ ಒಂದು ತುಣುಕು ಮುರಿದು ಬಾಯಿಗಿಟ್ಟಳು. ನೀರು ಕುಡಿದು ಇಳಿಸಿದಳು. ಕಾಡವ್ವ ಒಲೆ ಆರಿಸಿ, ಮೊಣಕಾಲ ಮೇಲೆ ಗದ್ದ ಊರಿ ಅವಳ ಎದುರಿಗೇ ಕುಳಿತಳು. ಇಡೀ ರೊಟ್ಟಿ ಮುಗಿಯುವ ತನಕ ಏಳಲಿಲ್ಲ.